ನಳಾ ಗಂಟಿಗೊಂದು ಸಂಬಂಧ

ನಮ್ಮ ಕಾಕಾನಿಗೆ ಕಾಕುವನ್ನು ನೋಡಿ ಒಪ್ಪಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕಾಗಿತ್ತಂತೆ. ಅದೇ ಕಾಕಾನಿಗೆ ತಮ್ಮ ಯಂತ್ರಕ್ಕೊಬ್ಬ ಪಾರ್ಟನರನ್ನು ನೋಡಿ ಒಪ್ಪಲು ಇಡೀ ಬೇಸಗೆ ಸಾಕಾಗಲಿಲ್ಲ! ಹೆಂಡತಿಗಿಂತ ಯಂತ್ರ ಹೆಚ್ಚೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಹೆಂಡತಿ ತಾನೇ ನಡೀತದ, ಯವ್ವಾ. ಯಂತ್ರಾ ನಡಸೋರು ಬೇಕು" ಎಂದರು. ಅಡುಗೆಮನೆಯಲ್ಲಿ ಒಂದು ಪಾತ್ರೆ ಜೋರಾಗಿ ಸಪ್ಪಳ ಮಾಡಿತು. ಕಾಕಾ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ನಾನು ಸೇಡಂನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಾಕಾನ ಮನೆಯ ಹಿಂದಿನ ಓಣಿಯಲ್ಲಿ ಒಂದು ರೂಮು ಹಿಡಿದಿದ್ದೇನೆ. ಮಲಗುವುದು ಅಲ್ಲಿ, ಊಟ ಕಾಕುವಿನ ಕೈಯದು. ಈ ಊಟವೇ ನನಗೆ ಮುಳುವಾಯಿತು. ಕಾಕು ಬಡಿದ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ತಟ್ಟೆಯಲ್ಲಿರುವಾಗ ಎದುರಿಗೆ ಕುಳಿತ ಕಾಕಾ "ಒಂದು ಸಣ್ಣ ಕೆಲಸಾ ಇತ್ತು" ಎಂದು ಶುರುಮಾಡಿದರೆ ಇಲ್ಲವೆನ್ನಲು ಯಾವ ಗಟ್ಟಿಗರಿಂದಾದೀತು? ನಾನಂತೂ ಗಟ್ಟಿಗಿತ್ತಿಯಲ್ಲ. ಹೀಗಾಗಿ ಅವರ ಪ್ರತಿಯೊಂದು ಸಂಶೋಧನೆಗೂ ನಾನೇ ವಿಜ್ಞಾನ ಸಲಹೆಗಾರ್ತಿ. ಸಲಹೆಯನ್ನು ಅವರು ಒಮ್ಮೆಯೂ ಕೇಳಿಲ್ಲ, ಆ ಮಾತು ಬೇರೆ.

ಕಾಕಾ ಟೆಲಿಫೋನ್ ಕಚೇರಿಯಿಂದ ನಿವೃತ್ತರಾದವರು. ನಿವೃತ್ತಿಯ ನಂತರ ಉಳಿದವರು ಮಠ, ಕಟ್ಟೆ, ಪೇಪರು ಎಂದು ತಣ್ಣಗೆ ಕೂರುತ್ತಾರಲ್ಲ? ಇವರು ಸ್ಕ್ರೂಡ್ರೈವರ್ ಹಿಡಿದರು. ಮೊದಲು ಮಾಡಿದ್ದು ಬಸ್ಸಿನ ಕಿಟಕಿಯಿಂದ ಒಳಗೆ ಟವೆಲ್ ಎಸೆದು ಸೀಟು ಹಿಡಿಯುವ ಸ್ಪ್ರಿಂಗ್ ಕೋಲು. ಕಲಬುರಗಿ ಬಸ್ಸಿನ ಮೇಲೆ ಅದರ ಪ್ರಯೋಗವಾಯಿತು. ಟವೆಲ್ಲು ಸೀಟು ಬಿಟ್ಟು ಕಂಡಕ್ಟರನ ಮುಖ ಹಿಡಿಯಿತು. ಆಮೇಲೆ ಹಪ್ಪಳ ಕಾಯುವ ಬೊಂಬೆ. ಕಾಗೆಗಳು ಅದರ ತಲೆಯ ಮೇಲೆ ಕುಳಿತು ಆರಾಮವಾಗಿ ಹಪ್ಪಳ ತಿಂದವು. ಕಾಕು ಉಳಿದ ಹಪ್ಪಳ ಎತ್ತಿಟ್ಟು, ಬೊಂಬೆಯ ಅಂಗಿಯನ್ನು ನೆಲ ಒರೆಸಲು ಇಟ್ಟುಕೊಂಡಳು.

ಮೂರನೆಯದೇ ನಳಾ ಗಂಟಿ. ಹೊರಗಿನವರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ನಳದಲ್ಲಿ ನೀರು ಬರುವುದಿಲ್ಲ, ನಳವೇ ಬರುತ್ತದೆ. "ನಳಾ ಬಂತು" ಎಂದು ಓಣಿಯಲ್ಲಿ ಒಬ್ಬರು ಕೂಗಿದರೆ ಸಾಕು, ಒಲೆಯ ಮೇಲಿನ ಹಾಲು, ಅರ್ಧ ಜಗಳ, ಅರ್ಧ ಸ್ನಾನ ಎಲ್ಲ ಅಲ್ಲಲ್ಲೇ ನಿಂತು, ಕೊಡಗಳು ಎದ್ದು ಓಡುತ್ತವೆ. ನಳಾ ಇಂಥ ದಿನ ಇಂಥ ಹೊತ್ತಿಗೆ ಬರುತ್ತದೆ ಎಂದು ಯಾರೂ ಹೇಳಲಾರರು. ಮನೆಯ ಅಳಿಯನ ಹಾಗೆ ತನಗೆ ಬೇಕಾದಾಗ ಬಂದು, ಸತ್ಕಾರ ತಡವಾದರೆ ಸಿಟ್ಟಾಗಿ ಹೋಗಿಬಿಡುತ್ತದೆ.

ಕಾಕುವಿನ ಇಡೀ ಸಂಸಾರ ಈ ಅಳಿಯನನ್ನು ಕಾಯುವುದರಲ್ಲೇ ಕಳೆದಿದೆ. ಅವಳ ತಂಗಿ ಇರುವುದು ಚಿಂಚೋಳಿಯಲ್ಲಿ, ಅದೇನು ಕಾಶಿಯೇ? ಬೆಳಿಗ್ಗೆ ಬಸ್ ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದು. ತಂಗಿ ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ಅಕ್ಕಾ, ನಾಕು ದಿನಾ ಬಂದು ಇದ್ದು ಹೋಗು." ಕಾಕುವಿನದೂ ಒಂದೇ ಮಾತು: "ಬರ್ತೀನವ್ವಾ. ನಳಾ ಬಂದು ಹೋಗ್ಲಿ." ತಂಗಿಯ ಮನೆಯಲ್ಲಿ ಲಗ್ನವಾಯಿತು, ತೊಟ್ಟಿಲಾಯಿತು. ಕಾಕು ಬೆಳಿಗ್ಗೆ ಹೋಗಿ ಅಕ್ಕಿಕಾಳು ಹಾಕಿ ಸಂಜೆಗೆ ವಾಪಸು. ಒಂದು ರಾತ್ರಿಯೂ ತಂಗಿಯ ಮನೆಯಲ್ಲಿ ಮಲಗಿದವಳಲ್ಲ. "ಕಾಕಾ ಇರ್ತಾರಲ್ಲ, ತುಂಬಸ್ತಾರ. ನೀ ಹೋಗು" ಎಂದರೆ, "ಅವರಿಗಿ ಯಾಕ ತ್ರಾಸು" ಎಂದು ಒಳಗೆ ಎದ್ದು ಹೋಗುತ್ತಿದ್ದಳು.

ಇಂಥ ಮನೆಯಲ್ಲಿ ಕಾಕಾ ನಳಕ್ಕೊಂದು ಡಬ್ಬಿ ಕಟ್ಟಿ, ಡಬ್ಬಿಗೊಂದು ತಂತಿ ಹಚ್ಚಿ, ತಂತಿಯ ತುದಿಗೆ ಹಳೇ ಕಪ್ಪು ಟೆಲಿಫೋನಿನ ಗಂಟೆಯನ್ನು ಜೋಡಿಸಿದರು. ನೀರು ಹನಿಹನಿಯಾಗಿ ಬಿದ್ದು ಡಬ್ಬಿ ತುಂಬಿದರೆ ಗಂಟೆ ಬಾರಿಸಬೇಕು. ಬಾರಿಸಿತು! ಎಷ್ಟು ಜೋರೆಂದರೆ, ಪಕ್ಕದ ಮನೆಯ ಮುದುಕರು ಬೆಂಕಿ ಬಿದ್ದಿದೆಯೆಂದು ತಿಳಿದು ಹಾಸಿಗೆ ಸಮೇತ ಹೊರಗೆ ಬಂದರು. ಹಿಂದಿನ ಓಣಿಯಲ್ಲಿದ್ದ ನನಗೂ ಕೇಳಿಸಿತು. ಕಾಕು ಮಾತ್ರ ಅಷ್ಟು ಹೊತ್ತಿಗಾಗಲೇ ಎರಡು ಕೊಡ ತುಂಬಿಸಿ ಮೂರನೆಯದನ್ನು ಹಿಡಿದಿದ್ದಳು. ನಳಾ ಬರುವುದು ಅವಳಿಗೆ ಗಂಟೆಗಿಂತ ಮೊದಲೇ ಗೊತ್ತಾಗುತ್ತಿತ್ತು. ಅಂದರೆ ಈ ಯಂತ್ರ ಯಾರಿಗೆ ಬೇಕಿತ್ತು ಹೇಳಿ?

"ಕಾಕಾ, ಸಪ್ಪಳ ಸ್ವಲ್ಪ ಕಡಿಮಿ ಮಾಡ್ರಿ" ಎಂದೆ.

"ಇನ್ನಾ ಸ್ವಲ್ಪ ಜೋರ್ ಆಗಬೇಕು" ಎಂದರು.

"ಯಾರಿಗಿ ಕೇಳಸಬೇಕಾಗ್ಯದ? ಹೈದ್ರಾಬಾದಿನವರಿಗೇನು?"

ಕಾಕಾ ಗಂಟೆಯ ಬಟ್ಟಲನ್ನು ಉಜ್ಜುತ್ತ ಕುಳಿತರು. ತಮಗೆ ಬೇಡದ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ ಎಂದು ನಾನು ಹಲ್ಲು ಕಡಿದುಕೊಂಡೆ.

ಇಂಥ ಗಂಟೆಗಳನ್ನು ನೂರಾರು ಮಾಡಿ ಮನೆಮನೆಗೆ ಮುಟ್ಟಿಸಬೇಕೆಂಬ ಹುಚ್ಚು ಅವರಿಗೆ ಹಿಡಿದದ್ದು ನನ್ನ ತಪ್ಪಿನಿಂದ. ಊಟಕ್ಕೆ ಕೂತಾಗ ಸುಮ್ಮನಿರಲಾರದೆ ಕ್ರೌಡ್ ಫಂಡಿಂಗ್ ಎಂಬ ಮಾತು ಆಡಿದೆ. ಹೊಸದೇನಾದರೂ ಮಾಡುವವರು ಇಂಟರ್‌ನೆಟ್ಟಿನಲ್ಲಿ ಹೇಳಿಕೊಂಡರೆ ಗುರುತಿಲ್ಲದ ಜನರೂ ಒಂದಿಷ್ಟು ಹಾಕುತ್ತಾರೆ ಎಂದು ವಿವರಿಸಿದೆ. ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದರು. "ಅಂದ್ರ ಗಣಪತಿ ಪಟ್ಟಿ ಎತ್ತಿದಂಗ. ಗಣಪತಿ ಒಬ್ಬಾಂವ ಇರಂಗಿಲ್ಲ, ಅಷ್ಟೇ." ಎಷ್ಟು ಸರಿಯಾಗಿ ಹೇಳಿದರೆಂದರೆ ನನಗೆ ಸಿಟ್ಟೇ ಬಂತು.

ಇಂಟರ್‌ನೆಟ್ಟಿನ ಪುಟ ಬರೆದವಳು ನಾನು, ಫೋಟೋ ತೆಗೆದವಳು ನಾನು, ಕಾಕಾನಿಗೆ ಕ್ಯಾಮೆರಾ ಮುಂದೆ ನಗಲು ಕಲಿಸಿದವಳೂ ನಾನೇ. ಹೈದರಾಬಾದು, ಪುಣೆ, ಸೋಲಾಪುರಗಳಲ್ಲಿ ನೆಲೆಸಿದ ನಮ್ಮ ಕಡೆಯವರು ಪಟ್ಟಿಯ ಹಣ ಕೊಟ್ಟೇ ಕೊಟ್ಟರು. ಆದರೆ ಆ ಪುಟ ನಡೆಸುವವರದೊಂದು ನಿಯಮವಿತ್ತು. ಯಂತ್ರ ತಯಾರಿಸಲು ವರ್ಕ್‌ಶಾಪ್ ಇರುವ ಪಾರ್ಟನರೊಬ್ಬರು ಬೇಕು. ಮಳೆಗಾಲ ಹಿಡಿಯುವುದರೊಳಗೆ ಅವರು ಸಿಗದಿದ್ದರೆ ಕೂಡಿದ್ದೆಲ್ಲ ಕೊಟ್ಟವರಿಗೆ ವಾಪಸು, ನಳಾ ಗಂಟಿ ಅಲ್ಲಿಗೆ ಬಂದ್. ಕಾಕಾನ ಮುಖ ಅಂದು ಸಣ್ಣದಾಯಿತು. "ಇದು ಒಂದು ಆಗಬೇಕವ್ವಾ. ಹಪ್ಪಳಾ ಹೋದ್ರ ಹೋಗ್ಲಿ, ಇದು ಆಗಬೇಕು" ಎಂದರು. ಅವರು ಹಾಗೆ ಬೇಡಿಕೊಂಡಂತೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಸರಿ, ಹುಡುಕಾಟ ಶುರುವಾಯಿತು. ಲೋಕದಲ್ಲಿ ಪಾರ್ಟನರನ್ನು ಹೇಗೆ ಪರೀಕ್ಷಿಸುತ್ತಾರೆ? ಬ್ಯಾಂಕಿನ ಕಾಗದ ನೋಡುತ್ತಾರೆ, ಮಾಡಿದ ಕೆಲಸ ನೋಡುತ್ತಾರೆ. ನಮ್ಮ ಕಾಕಾ ವರ ನೋಡುವ ಪದ್ಧತಿ ಹಿಡಿದರು. "ನಮಗ ಮಗಳಿಲ್ಲ. ಇದಕ್ಕಾದ್ರೂ ಸರಿಯಾಗಿ ನೋಡಿ ಕೊಡಬೇಕೋ ಬ್ಯಾಡೋ?" ಎಂದರು. ಮೊದಲು ಆ ಮನುಷ್ಯನ ಊರಿಗೆ ಹೋಗಿ ಕಟಿಂಗ್ ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಳ್ಳುತ್ತ ಮನೆತನ ವಿಚಾರಿಸುವುದು. ಅವನು ದನಿ ಏರಿಸಿ ಮಾತಾಡುತ್ತಾನೋ, ತಾಯಿಯ ಜೊತೆ ಹೇಗಿದ್ದಾನೋ ಎಂದು ಕೇಳುವುದು. ಆಮೇಲೆ ಮನೆಗೆ ಹೋಗಿ ಒಂದೇ ಪ್ರಶ್ನೆ. ಆ ಬೇಸಗೆಯಲ್ಲಿ ಕಾಕಾನ ಗಡ್ಡ ಬೆಳೆಯುವುದಕ್ಕೆ ಪುರಸೊತ್ತೇ ಸಿಗಲಿಲ್ಲ.

ಮೊದಲನೆಯವರು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಮಾಲಕರು. ಅನುಕೂಲಸ್ಥರು, ಒಳ್ಳೆಯ ಮಾತಿನವರು, ಬಾದಾಮಿ ಹಾಲು ಕೊಟ್ಟರು. ನನಗಂತೂ ಕೆಲಸ ಮುಗಿಯಿತೆನಿಸಿತು. ಕಾಕಾ ಗ್ಲಾಸು ಕೆಳಗಿಟ್ಟು ತಮ್ಮ ಪ್ರಶ್ನೆ ಕೇಳಿದರು: "ನಿಮ್ಮ ಮನ್ಯಾಗ ನಳಾ ಯಾವಾಗ ಬರ್ತದರಿ?"

"ನಮಗ ಬೋರ್ ಅದರಿ. ನಳಾದ ಗೊಡವಿನೇ ಇಲ್ಲ" ಎಂದರು ಅವರು ಹೆಮ್ಮೆಯಿಂದ.

ಬಸ್ಸಿನಲ್ಲಿ ಕಾಕಾ ಅಡ್ಡಡ್ಡ ತಲೆಯಾಡಿಸಿದರು. "ಬೋರ್ ಇದ್ದವರಿಗಿ ಈ ಯಂತ್ರಾ ತಿಳಿಯಂಗಿಲ್ಲ." ನನ್ನ ರೂಮಿನ ಮಾಲಕರಿಗೂ ಬೋರ್ ಇದೆ. ಆ ಮಾತು ನನಗೂ ತಾಗಲೆಂದೇ ಹೇಳಿದರೋ ಏನೋ, ನಾನು ಕಿಟಕಿಯ ಕಡೆ ತಿರುಗಿದೆ.

ಎರಡನೆಯವನು ಚಿತ್ತಾಪುರದ ಹುಡುಗ. ಲ್ಯಾಪ್‌ಟಾಪ್ ತೆರೆದೇ ಮಾತಿಗೆ ಕುಳಿತ. ಗಂಟೆ ಹಳೆಯದಾಯಿತು, ನಳಾ ಬಂದ ಕೂಡಲೇ ಮೊಬೈಲಿಗೆ ಮೆಸೇಜ್ ಬರುವಂತೆ ಮಾಡೋಣ ಎಂದ. ನನಗೂ ಹೌದೆನಿಸಿತು. ಸುಳ್ಳು ಯಾಕೆ ಹೇಳಲಿ, ಗಂಟೆಯ ಕಾಟ ತಪ್ಪುತ್ತದಲ್ಲ ಎಂದು ಖುಷಿಯೇ ಆಯಿತು.

"ನಿಮ್ಮ ಮನ್ಯಾಗ ಮೊಬೈಲ್ ಯಾರ ಕೈಯಾಗ ಇರ್ತದಪ್ಪಾ?" ಕಾಕಾ ಕೇಳಿದರು.

"ನನ್ನ ಕೈಯಾಗರಿ."

"ಕೊಡಾ ಯಾರ ಕೈಯಾಗ ಇರ್ತದ?"

ಹುಡುಗ ತಿರುಗಿ ಲ್ಯಾಪ್‌ಟಾಪನ್ನೇ ನೋಡಿದ. ಉತ್ತರ ಅದರೊಳಗೆ ಇರಲಿಲ್ಲವೆಂದು ತೋರುತ್ತದೆ. ಕಾಕಾ ಎದ್ದು ಚಪ್ಪಲಿ ಹುಡುಕಿದರು.

ಆಕಾಶದಲ್ಲಿ ಮೋಡ ಆಡತೊಡಗಿತ್ತು. ಪುಟದವರಿಂದ ಎರಡು ಸಲ ನೆನಪಿನ ಸಂದೇಶ ಬಂದಿತ್ತು. "ಕಾಕಾ, ನೀವು ಪಾರ್ಟನರ್ ನೋಡಾಕತ್ತೀರೋ ದೇವರನ್ನ ನೋಡಾಕತ್ತೀರೋ?" ಎಂದು ನಾನು ರೇಗಿದೆ. ಅವರು ಟವೆಲ್ ಹೆಗಲಿಗೆ ಹಾಕಿ ಸೀದಾ ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಗೆ ಹೋದರು. ಅಂಗಡಿಯವನಿಗೆ ಸುತ್ತಲಿನ ಊರಿನವರೆಲ್ಲ ಗೊತ್ತು. ಅವನಿಗೆ ಕಾಕಾ ಹೇಳಿದ ಮಾತಿದು: "ನಮ್ಮಲ್ಲಿ ಒಂದು ಅದ. ಅದಕ ಒಬ್ಬ ಛಲೋ ಹುಡುಗ ಬೇಕಾಗ್ಯಾನ. ಕೈಯಾಗ ಕೆಲಸಾ ಇರಬೇಕು, ಕುಡಿಯೋ ಚಟಾ ಇರಬಾರದು, ಕಡೀತನಕಾ ನಡಸ್ಕೊಂಡು ಹೋಗಬೇಕು."

ಇಲ್ಲಿ ಸ್ವಲ್ಪ ವ್ಯಾಕರಣ ಹೇಳದೆ ವಿಧಿಯಿಲ್ಲ. ನಮ್ಮ ಸೀಮೆಯ ಆಡುಮಾತಿನಲ್ಲಿ ಹೆಣ್ಣುಮಕ್ಕಳಿಗೂ ವಸ್ತುಗಳಿಗೂ ಒಂದೇ ಲಿಂಗ. ಅವ್ವ ಬಂತು, ಅಕ್ಕ ಹೋಯ್ತು, ಕಾಕು ಮಲಗ್ಯದ. ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಸ್ತ್ರೀಲಿಂಗ ಕಲಿಸಿ ಕಲಿಸಿ ಬಸವಳಿದಿದ್ದಾರೆ. ಅವರು ಬೋರ್ಡಿನ ಮೇಲೆ 'ಅಕ್ಕ ಬಂದಳು' ಎಂದು ಬರೆದು ತಿರುಗುವುದರೊಳಗೆ ಮಕ್ಕಳು 'ಮೇಡಂ ಬಂತು' ಎಂದು ಎದ್ದು ನಿಲ್ಲುತ್ತಾರೆ. ಪಾನ್ ಅಂಗಡಿಯವನಿಗೆ ಕಾಕಾನ ಯಂತ್ರದ ವಿಷಯ ಗೊತ್ತಿರಲಿಲ್ಲ, ಅವರ ಅಣ್ಣನ ಮಗಳೊಬ್ಬಳು ಮದುವೆಯಾಗದೆ ಸೇಡಂನಲ್ಲಿ ಮಾಸ್ತರಿಕೆ ಮಾಡುತ್ತಿರುವುದು ಗೊತ್ತಿತ್ತು.

ಮುಂದಿನ ರವಿವಾರ ವಾಡಿಯಿಂದ ಒಬ್ಬ ಹುಡುಗ ಬಂದ. ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನಂತೆ. ಹೊಸ ಅಂಗಿ, ಜೊತೆಗೆ ತಾಯಿ, ತಾಯಿಯ ಕೈಯಲ್ಲಿ ಹೂವು. ಪಾರ್ಟನರಾಗಲು ಬಂದವನು ತಾಯಿಯನ್ನು ಕರೆತಂದದ್ದು ಕಂಡು ಕಾಕಾನಿಗೆ ಬಹಳ ಸಂತೋಷವಾಯಿತು. ನಾನು ಒಳಗೆ ಸುಸಲಾಕ್ಕೆ ಮಂಡಕ್ಕಿ ತೋಯಿಸುತ್ತಿದ್ದೆ. ಪಡಸಾಲೆಯ ಮಾತು ಅಲ್ಲಿಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಎಷ್ಟು ದಿನದಿಂದ ನೋಡಾಕತ್ತೀರಿ?" ತಾಯಿ ಕೇಳಿದಳು.

"ಬ್ಯಾಸಗಿ ಎಲ್ಲಾ ಆಯ್ತುರಿ. ಶಹಾಬಾದಿನವರನ್ನ ನೋಡಿದ್ವಿ, ಚಿತ್ತಾಪುರದವರನ್ನ ನೋಡಿದ್ವಿ. ನಮಗೇ ಮನಸ್ಸು ಬರಲಿಲ್ಲ."

"ಸ್ವಭಾವ ಹ್ಯಾಂಗದರಿ?"

"ನನಗ ಮುಚ್ಚಿಟ್ಟು ಮಾತಾಡಾಕ ಬರಂಗಿಲ್ಲ" ಎಂದರು ಕಾಕಾ. "ಸ್ವಲ್ಪ ಒದರತದ. ಒಮ್ಮೆ ಶುರು ಮಾಡ್ತಂದ್ರ ಓಣಿ ಮಂದಿ ಎಲ್ಲಾ ಹೊರಗ ಬರ್ತಾರ."

"ಸಾಲ್ಯಾಗ ಒದರಿ ಒದರಿ ರೂಢಿ ಆಗಿರಬೇಕು" ಎಂದಳು ತಾಯಿ ದೊಡ್ಡ ಮನಸ್ಸು ಮಾಡಿ.

"ಸಾಲಿಗಿ ಒಂದೇ ಸಲ ಒಯ್ದಿದ್ವಿ. ಹುಡುಗರು ಅಂಜಿಬಿಟ್ರು."

ನಾನು ತಟ್ಟೆ ಹಿಡಿದು ಪಡಸಾಲೆಗೆ ಬಂದದ್ದು ಆಗಲೇ. ಹೂವು ನೋಡಿದೆ, ಹುಡುಗನ ಬಗ್ಗಿದ ತಲೆ ನೋಡಿದೆ, ತಾಯಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡುವುದನ್ನು ನೋಡಿದೆ. ಎಲ್ಲ ಅರ್ಥವಾಯಿತು. "ಕಾಕಾ" ಎಂದೆ. "ಸುಮ್ಮಿರು, ಮಾತು ನಡದದ" ಎಂದರು.

"ಒದರಿದ್ರ ಸುಮ್ಮನ ಹ್ಯಾಂಗ ಮಾಡೋದ್ರಿ?" ತಾಯಿಯ ದನಿ ಇಳಿದಿತ್ತು.

"ನೆತ್ತಿ ಮ್ಯಾಲ ಒಂದು ಬಡೀಬೇಕು, ಸುಮ್ಮನಾಗ್ತದ. ಅನುಮಾನ ಇದ್ರ ಮನಿಗಿ ಒಯ್ದು ಒಂದು ವಾರ ಇಟ್ಕೊಂಡು ನೋಡ್ರಿ. ಸರಿ ಅನಸಲಿಲ್ಲಂದ್ರ ತಂದು ಕೊಡ್ರಿ. ನಾವೇನೂ ಬ್ಯಾಸರಾ ಮಾಡ್ಕೊಳಂಗಿಲ್ಲ."

ತಾಯಿ ಎದ್ದು ನಿಂತಳು. ಹುಡುಗ ನನ್ನನ್ನು ನೋಡಿದ ನೋಟದಲ್ಲಿ ಎಷ್ಟು ಕನಿಕರವಿತ್ತೆಂದರೆ ನನಗೇ ನನ್ನ ಮೇಲೆ ಅಳು ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೂ ಎದ್ದ. ತಾಯಿಯ ಹಿಂದೆ ಬಾಗಿಲಿಗೆ ಹೋಗುತ್ತಾನೆಂದುಕೊಂಡರೆ, ಕಿವಿಗೊಟ್ಟು ನಿಂತು, "ನಳಾ ಬಂತ್ರಿ" ಎಂದವನೇ ಸೀದಾ ಅಂಗಳಕ್ಕೆ ಓಡಿದ. ಗಂಟೆ ಬಾರಿಸಿರಲಿಲ್ಲ. ಅಡುಗೆಮನೆಯಿಂದ ಕಾಕು, ಪಡಸಾಲೆಯಿಂದ ಅವನು, ಇಬ್ಬರೂ ಒಟ್ಟಿಗೇ ನಳದ ಮುಂದೆ. ಹೊಸ ಅಂಗಿಯ ತೋಳು ಮಡಚಿ ಅವನು ಮೊದಲ ಕೊಡ ಎತ್ತಿದ ಮೇಲೆ ಗಂಟೆಗೆ ಎಚ್ಚರವಾಯಿತು. ಅದು ಒದರಿದ ರಭಸಕ್ಕೆ ಹುಡುಗನ ತಾಯಿ ನನ್ನ ತೋಳು ಹಿಡಿದುಕೊಂಡಳು.

"ಯವ್ವಾ, ಇದೇನ್ರಿ ಇದು?"

"ಇದೇರಿ ನಮ್ಮದು" ಎಂದರು ಕಾಕಾ ಎದೆಯುಬ್ಬಿಸಿ. "ಒದರತದಂತ ಹೇಳಿದ್ನಲ್ಲ."

ಆಕೆ ಗಂಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಹೊಟ್ಟೆ ಹಿಡಿದು ನಗುತ್ತ ಕೂತುಬಿಟ್ಟಳು. ನನಗೆ ನಗು ಬರಲು ಎರಡು ದಿನ ಬೇಕಾಯಿತು.

ಕೊಡಗಳೆಲ್ಲ ತುಂಬಿದ ಮೇಲೆ ಕಾಕಾ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಗಂಟಿಕಿಂತ ಮೊದಲು ನಿನಗ ಹ್ಯಾಂಗ ಗೊತ್ತಾಯ್ತಪ್ಪಾ?"

"ಬುಸ್ ಅಂತಲ್ರಿ. ನೀರಿಕಿಂತ ಮೊದಲು ಗಾಳಿ ಬರ್ತದ. ನಮ್ಮವ್ವಗ ಮೊಣಕಾಲು ಬ್ಯಾನಿ, ಮನ್ಯಾಗ ನಾನೇ ತುಂಬಸ್ತೀನಿ."

"ಬುಸ್ ಅಂತದ?" ಕಾಕಾ ಕಾಕುವಿನ ಕಡೆ ತಿರುಗಿದರು. "ಖರೇನು?"

ಕಾಕು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ, "ಅಂತದರಿ" ಎಂದಳು. ಇಷ್ಟು ವರ್ಷ ಇದೇ ಮನೆಯಲ್ಲಿದ್ದು, ನಳದ ಯಂತ್ರ ಮಾಡಲು ಹೊರಟ ಮನುಷ್ಯನಿಗೆ ನಳಾ ಬುಸ್ ಎನ್ನುವುದು ಗೊತ್ತಿಲ್ಲವೇ? ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಹುಡುಗ ಮಾತ್ರ, ಗಾಳಿಗೇ ಗಂಟೆ ಬಾರಿಸುವ ಹಾಗೆ ಮಾಡಬಹುದು ಎಂದು ಆಗಲೇ ಡಬ್ಬಿಯನ್ನು ಬಿಚ್ಚತೊಡಗಿದ್ದ. ಕಾಕಾ ಅವನ ಬಾಯಿಗೆ ಸಕ್ಕರೆ ಹಾಕಿದರು. ಸಂಬಂಧ ಕೂಡಿತು. ಹೂವು ಹಿಡಿದ ತಾಯಿ ನನ್ನ ಕಡೆ ನೋಡಿ, "ಹುಡುಗಿದು ಏನಂತೀರಿ?" ಎಂದಳು. "ಸದ್ಯ ಒಂದು ಸಾಕ್ರಿ" ಎಂದು ನಾನೇ ಹೇಳಿದೆ. ಹೂವನ್ನು ಆಕೆ ಗಂಟೆಗೆ ಮುಡಿಸಿ ಹೋದಳು.

ಕೊನೆಯ ಕೆಲಸವೊಂದು ಉಳಿದಿತ್ತು. ಈ ಯಂತ್ರ ಯಾಕೆ ಮಾಡುತ್ತಿದ್ದೇವೆಂದು ಇಬ್ಬರು ಪಾರ್ಟನರೂ ಕ್ಯಾಮೆರಾದ ಮುಂದೆ ಹೇಳಬೇಕಂತೆ. ಕಾಕು ಸಂತೆಗೆ ಹೋಗಿದ್ದ ಹೊತ್ತಿನಲ್ಲಿ ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ ಮೊಬೈಲ್ ಹಿಡಿದೆ. ಕಾಕಾ ಕೆಮ್ಮಿ ಶುರುಮಾಡಿದರು.

"ಅದು ಈ ಮನಿಗಿ ಬಂದಾಗಿಂದ ಒಂದು ರಾತ್ರಿ ಹೊರಗ ಮಲಗಿಲ್ಲ. ಮನ್ಯಾಗೂ ಕಣ್ತುಂಬ ಮಲಗಿಲ್ಲ."

"ಕಾಕಾ, ಯಂತ್ರಾ ಮಲಗೋದೇನು ಬಂತು? ಸರಿಯಾಗಿ ಹೇಳ್ರಿ" ಎಂದು ನಾನು ರೇಗಿದೆ.

ವಾಡಿಯ ಹುಡುಗ ತಲೆ ಎತ್ತದೆ ಹೇಳಿದ: "ಟೀಚರ್, ಅದಂದ್ರ ಯಂತ್ರಾ ಅಲ್ರಿ."

ಕಾಕಾನಿಗೆ ನಾನು ಅಂದದ್ದೂ ಕೇಳಿಸಿರಲಿಲ್ಲ, ಅವನು ಅಂದದ್ದೂ ಕೇಳಿಸಿರಲಿಲ್ಲ. ತಮ್ಮ ಪಾಡಿಗೆ ಹೇಳುತ್ತಲೇ ಇದ್ದರು. "ನನ್ನ ಕಿವಿ ಮಂದ ಆಗಿ ಭಾಳ ವರ್ಷ ಆಯ್ತು. ನಳಾ ಬಂದದ್ದು ನನಗ ಕೇಳಸಂಗಿಲ್ಲ. ಅದಕ ಅದು ನನ್ನ ಬಿಟ್ಟು ಎಲ್ಲೂ ಹೋಗಂಗಿಲ್ಲ. ಚಿಂಚೋಳಿ ತಂಗಿ ಕರದು ಕರದು ಸಾಕಾಗಿ ಹೋಯ್ತು. ಮಂದಿಗಿ ನಳಾದ ನೆಪಾ ಹೇಳ್ತದ, ನನ್ನ ಕಿವಿ ಹೆಸರು ಹೇಳಿಲ್ಲ. ಒಬ್ಬರ ಮುಂದೂ ಹೇಳಿಲ್ಲ. ಈ ಗಂಟಿ ನನಗ ಕೇಳಸ್ತದ. ಇನ್ನರೆ ಅದು ಹೋಗಿ ನಾಕು ದಿನಾ ತಂಗಿ ಮನ್ಯಾಗ ಮಲಗಲಿ."

ಇನ್ನೂ ಜೋರು ಬೇಕು ಎಂದದ್ದು, ಬುಸ್ ಎನ್ನುವುದು ಖರೇನು ಎಂದು ಕೇಳಿದ್ದು, ಬೇಡದ ಮಾತು ಕಿವಿಗೆ ಬೀಳುವುದಿಲ್ಲ ಎಂದು ನಾನು ಹಲ್ಲು ಕಡಿದದ್ದು ಎಲ್ಲ ಒಟ್ಟಿಗೇ ನೆನಪಾಯಿತು. ನಾನು ರೇಗಿದ್ದೂ ವಿಡಿಯೋದಲ್ಲಿ ಹಾಗೇ ಉಳಿದಿದೆ. ಅದನ್ನೇ ಕಳಿಸಿದೆ, ಒಪ್ಪಿಕೊಂಡರು.

ಗಾಳಿಗೇ ಬಾರಿಸುವ ಗಂಟೆ ಸಿದ್ಧವಾದ ಮೇಲೆ ಕಾಕು ಚಿಂಚೋಳಿಗೆ ಹೊರಟಳು. ಬಸ್ ಬರುತ್ತಿದ್ದಂತೆ ಕಾಕಾ ಓಡಿಹೋಗಿ ಕಿಟಕಿಯಿಂದ ಕೈಯಾರೆ ಟವೆಲ್ ಎಸೆದರು. ಸರಿಯಾಗಿ ಸೀಟಿನ ಮೇಲೇ ಬಿತ್ತು. ಕಾಕು ಅದರ ಮೇಲೆಯೇ ಕುಳಿತು, ಬಸ್ಸು ತಿರುಗುವವರೆಗೂ ಇವರನ್ನೇ ನೋಡುತ್ತ ಹೋದಳು.

ಮರುದಿನ ಸಂಜೆ ಗಂಟೆ ಒದರಿತು. ನಾನು ಹಿಂದಿನ ಓಣಿಯಿಂದ ಓಡಿ ಹೋಗುವಷ್ಟರಲ್ಲಿ ಕಾಕಾ ಅದರ ನೆತ್ತಿಗೊಂದು ಬಡಿದು ಸುಮ್ಮನಾಗಿಸಿ, ಮೈಯೆಲ್ಲ ತೋಯಿಸಿಕೊಂಡು ಕೊಡ ತುಂಬಿಸುತ್ತಿದ್ದರು. ಕಾಕುವಿನ ಫೋನು ಬಂತು. ಸ್ಪೀಕರ್ ಹಾಕಿ ಅವರ ಕಿವಿಗೆ ಹಿಡಿದೆ.

"ನಳಾ ಬಂತೇನ್ರಿ?"

"ಬಂತು. ಎಲ್ಲಾ ತುಂಬಿಸೀನಿ."

"ನಿಮಗ ಕೇಳಿಸ್ತೇನು?"

"ಕೇಳಿಸ್ತು."

ಆ ಕಡೆಯಿಂದ ಮೂಗು ಏರಿಸಿದ ಸಪ್ಪಳ ನನಗೆ ಕೇಳಿಸಿತು, ಕಾಕಾನಿಗೆ ಕೇಳಿಸಲಿಲ್ಲ. "ನೀ ಆರಾಮ ಮಲಗು" ಎಂದು ಹೇಳಿ ಅವರು ಫೋನು ಕೊಟ್ಟರು. ಆಮೇಲೆ ತುಂಬಿದ ಕೊಡಗಳ ಪಕ್ಕದಲ್ಲಿ ಒದ್ದೆ ಧೋತರದಲ್ಲೇ ಕುಳಿತರು.

"ಅದು ಒದರಲಿಲ್ಲಂದ್ರ ಮನಿ ಭಾಳ ಸುಮ್ಮ ಅನಸ್ತದ, ಯವ್ವಾ" ಎಂದರು.

ಯಾವ 'ಅದು' ಎಂದು ನಾನು ಕೇಳಲಿಲ್ಲ.